ಹ್ಯಾಂಡಲ್ ಅಮ್ಮ ತಿರುಗಿಸುತ್ತಾರೆ

ನಮ್ಮ ತವೊಂಗಾನ ಅಪ್ಪನಿಗೆ,

ನನ್ನ ತಂಗಿ ಮ್ವಿಜಾಗೆ ಹೆರಿಗೆ ನೋವು ಶುರುವಾಗಿದೆ. ಮಗು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಹೇಳಿಕಳಿಸಿದ್ದಾಳೆ. ನಾನು ಗುಡ್ಡ ಹತ್ತಿ ಮ್ವಿಜಾಳ ಮನೆಗೆ ಹೋಗುತ್ತಿದ್ದೇನೆ. ಅವಳನ್ನು ಆಸ್ಪತ್ರೆಗೆ ಇಳಿಸಲು ಊರಿಗೆಲ್ಲ ಇರುವುದು ನಮ್ಮ ಹಳೆಯ ಲ್ಯಾಂಡ್ ರೋವರ್ ಒಂದೇ. ಅದರ ಇಂಜಿನ್ ಇನ್ನೂ ಮಾವಿನ ಕೊಂಬೆಯ ಸರಪಳಿಯಲ್ಲಿ ನೇತಾಡುತ್ತಿದೆ.

ಬೆಳಿಗ್ಗೆ ನನ್ನ ಅಮ್ಮ ಅಂಗಳಕ್ಕೆ ಬಂದ ಕೂಡಲೇ ನೀವು ಸ್ಪ್ಯಾನರ್ ಬಿಟ್ಟು ಹಿತ್ತಲಿನಿಂದ ಹೊರಟುಹೋದಿರಿ. ಅಳಿಯ ಅತ್ತೆಯ ಎದುರು ನಿಲ್ಲಬಾರದೆಂಬ ನಮ್ಮ ಪದ್ಧತಿ ನನಗೂ ಗೊತ್ತು. ಆದರೆ ಬೇರೆ ಯಾರೂ ಇಲ್ಲ. ಗಂಡಸರೆಲ್ಲ ಸರೋವರಕ್ಕೆ ಮೀನು ಹಿಡಿಯಲು ಹೋಗಿದ್ದಾರೆ.

ಹೊಸ ಕ್ಲಚ್ ಪ್ಲೇಟನ್ನು ನಡುವಿಗೆ ತರಲು ತೂರಿಸಿದ ಮರದ ಗೂಟ ಅಲ್ಲೇ ಉಳಿದಿದೆ, ಮೊದಲು ಅದನ್ನು ತೆಗೆಯಿರಿ. ಗೇರ್ ಬಾಕ್ಸಿನ ದಂಡ ಪ್ಲೇಟಿನೊಳಗೆ ಕೂರದಿದ್ದರೆ ಹೋದ ಸಲದಂತೆ ಬೋಲ್ಟ್ ಬಿಗಿದು ಎಳೆಯಬೇಡಿ. ಆಗ ಪ್ಲೇಟು ಬಾಗಿ, ಗಾಡಿ ಮೊದಲ ತಿರುವಿನಲ್ಲೇ ನಿಂತಿತ್ತು. ಇಂದು ನಿಲ್ಲುವ ಹಾಗಿಲ್ಲ. ಒಬ್ಬರು ಇಂಜಿನ್ನಿನ ಮುಂದಿರುವ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುವಾಗ ಇನ್ನೊಬ್ಬರು ಇಂಜಿನ್ನನ್ನು ಗೇರ್ ಬಾಕ್ಸಿನತ್ತ ತಳ್ಳಬೇಕು. ದಂಡ ತಾನಾಗಿ ಕೂರುತ್ತದೆ.

ತಳ್ಳುವವರು ನೀವು. ತಿರುಗಿಸುವವರು ಅಮ್ಮ.

ಒಲೆಯ ಮೇಲೆ ನ್ಸಿಮಾ ಮುದ್ದೆ ಇದೆ. ಬೇಕಾದರೆ ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ತಿನ್ನಿ, ಆದರೆ ಬೇಗ ತಿನ್ನಿ.

ಅಮ್ಮ ನಿಮಗೆ ತಿಳಿಸಲು ಹೇಳಿದ್ದು ಇಷ್ಟು: "ನಾನು ಮೆಕ್ಕೆಜೋಳದ ಹೊಲದ ಕಡೆ ಮುಖ ಮಾಡ್ಕೊಂಡು ನಿಂತಿರ್ತೀನಿ. ಅಳಿಯಂದ್ರು ಮಾವಿನ ಮರಕ್ಕೆ ಹೇಳೋ ಹಾಗೆ 'ತಿರುಗ್ಸು' ಅನ್ಲಿ, ನಾನು ತಿರುಗಿಸ್ತೀನಿ. ನಾಚ್ಕೊಳೋದನ್ನ ಕೂಸು ಹುಟ್ಟಿದ್ಮೇಲೆ ಇಬ್ರೂ ನಾಚ್ಕೊಳೋಣ."

ತೆಮ್ವಾ