ಗುಬ್ಬಿ ಅನ್ನೋ ಹೆಸರಲ್ಲಿ

ಜೂನ್ 1, ಭಾನುವಾರ

ಮತ್ತೆ ಎರಡು ಅರ್ಜಿ ಕಳಿಸಿದೆ. ಒಂದು ಪ್ರೂಫ್ ನೋಡುವ ಕೆಲಸ, ಇನ್ನೊಂದು 'ಕಂಟೆಂಟ್' ಏನೋ. ಎರಡಕ್ಕೂ ಅನುಭವ ಬೇಕಂತೆ. ನೀರಿಗಿಳಿಯದೆ ಈಜು ಕಲಿತು ಬಾ ಅಂದ ಹಾಗೆ.

ಮೂರನೆಯದು ಕಳಿಸುವಾಗ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಅಮ್ಮನದು ಬೀರುವಿನಲ್ಲಿತ್ತು. ಅಮ್ಮನದು ಅಂದರೆ ನನ್ನದೇ ಹಳೆಯದು, ಕಾಲೇಜು ಮುಗಿದ ಮೇಲೆ ಅವಳಿಗೆ ಕೊಟ್ಟಿದ್ದೆ. ಡಿಸೆಂಬರಿನಿಂದ ಯಾರೂ ಮುಟ್ಟಿರಲಿಲ್ಲ. ಅಪ್ಪ ಹೊರಗೆ ಹೋಗುವವರೆಗೆ ಕಾದು ತೆಗೆದೆ. ಕೀಗಳ ಸಂದಿಯಲ್ಲಿ ಸೋಪಿನ ಪುಡಿ.

ತೆರೆದ ಕೂಡಲೇ ಒಂದು ಮೇಲ್. ನಾಳೆ ಮಧ್ಯಾಹ್ನ ಎರಡಕ್ಕೆ ನಿಮ್ಮ ಎರಡನೇ ಹಂತದ ಕೋರ್ಸ್ ಶುರು, ಮರೆಯಬೇಡಿ. ಬೇಸಿಗೆ ವಿಶ್ವವಿದ್ಯಾಲಯವಂತೆ. ಆನ್‌ಲೈನ್. ನಾಲ್ಕು ವಾರ, ವಾರಕ್ಕೆ ಮೂರು ದಿನ. ಹಳೆಯ ಭಾಷೆಯೊಂದರ ಕವಿತೆ ಓದುವುದು. ಈಗ ಯಾರ ಮನೆಯಲ್ಲೂ ಆಡದ ಭಾಷೆ. ಕಾಲೇಜಿನಲ್ಲಿ ನನಗೆ ಅದರದೊಂದು ಪೇಪರ್ ಇತ್ತು.

ಎರಡನೇ ಹಂತ! ಹಾಗಾದರೆ ಮೊದಲನೆಯದು ಹೋದ ಬೇಸಿಗೆಯಲ್ಲೇ ಮುಗಿಸಿದ್ದಾಳೆ. ಲಾಂಡ್ರಿ ಕೌಂಟರಿನಲ್ಲಿ ಬಿಲ್ ಬರೆಯುತ್ತಿದ್ದ ಅಮ್ಮ. ಹತ್ತನೇ ಕ್ಲಾಸಿಗೆ ಓದು ಬಿಟ್ಟ ಅಮ್ಮ. ಮುಂದಿನದಕ್ಕೂ ಸೇರಿಕೊಂಡಿದ್ದಾಳೆ, ಸೆಪ್ಟೆಂಬರಿನಲ್ಲೇ. ಕಾಯಿಲೆ ಗೊತ್ತಾಗುವ ಮುಂಚೆ.

ನನಗೆ ಒಂದು ಮಾತು ಹೇಳಲಿಲ್ಲ.

ಜೂನ್ 2, ಸೋಮವಾರ

ಲಿಂಕ್ ಒತ್ತಿದೆ. ಒಂದು ಮೂಲೆಯಲ್ಲಿ ಕೂತು ಕೇಳಿ ಎದ್ದು ಬರುವುದು ಅಂತಷ್ಟೇ ಇತ್ತು ಮನಸ್ಸಿನಲ್ಲಿ. ಸ್ಕ್ರೀನಿನಲ್ಲಿ ನನ್ನ ಚೌಕ ಕಪ್ಪಗಿತ್ತು. ಮಧ್ಯೆ ಅಮ್ಮ ಇಟ್ಟುಕೊಂಡಿದ್ದ ಹೆಸರು — ಗುಬ್ಬಿ.

ಎಲ್ಲರದೂ ಹಕ್ಕಿ ಹೆಸರೇ. ಕೊಕ್ಕರೆ, ಗಿಳಿ, ಮರಕುಟಿಗ. ಯಾರೋ ಹೊಸಬರು ಕೇಳಿದ್ದಕ್ಕೆ ಪಾಠ ಮಾಡುವ ಮೇಡಂ ಹೇಳಿದರು: "ನಮ್ಮ ಕ್ಲಾಸಿನ ಪದ್ಧತಿ ಇದು. ನಿಜವಾದ ಹೆಸರು ಬೇಡ, ಮನೆ ಸುದ್ದಿ ಬೇಡ. ಹೊಸ ಭಾಷೆಗೆ ಹೊಸಬರಾಗಿ ಬರಬೇಕು. ಡಿಗ್ರಿ, ಸಂಬಳ, ಬಿಪಿ, ಶುಗರು... ಎಲ್ಲಾ ಚಪ್ಪಲಿ ಜೊತೆ ಹೊರಗೇ ಬಿಟ್ಟು ಬನ್ನಿ."

ಅಷ್ಟರಲ್ಲಿ ಒಬ್ಬ ವಯಸ್ಸಾದ ಗಂಡಸಿನ ದನಿ. "ಮೇಡಂ, ಮೇಡಂ! ಗುಬ್ಬಿ ಬಂದಿದಾರೆ!"

ಚೌಕದಲ್ಲಿ ಹೆಸರು ನೋಡಿದೆ. ಗೂಬೆ. ಬೇಕಂತಲೇ ಯಾರಾದರೂ ಅಂಥ ಹೆಸರು ಇಟ್ಟುಕೊಳ್ಳುತ್ತಾರಾ?

"ಏನ್ರೀ ಗುಬ್ಬಿಯವರೇ, ಚಳಿಗಾಲದಲ್ಲಿ ಎಲ್ಲಾ ಸೇರಿ ಓದೋಣ ಅಂತ ಹೇಳಿ ಪತ್ತೇನೇ ಇಲ್ಲ. ಕಾದು ಕಾದು ಕತ್ತು ತಿರುಗಿಹೋಯ್ತು. ಗೂಬೆ ಕತ್ತು, ಸದ್ಯ, ತಿರುಗಿದ್ರೂ ನಡೆಯುತ್ತೆ."

ಕೊಕ್ಕರೆ ನಕ್ಕಳು. "ಆ ಹೆಸರಿಟ್ಟುಕೊಂಡ ದಿನ ಗುಬ್ಬಿ ಏನಂದ್ರು ನೆನಪಿದೆಯಾ? 'ಇನ್ಮೇಲೆ ನಿಮ್ಮ ಮೇಲೆ ಯಾರೂ ಗೂಬೆ ಕೂರಿಸೋ ಹಾಗಿಲ್ಲ ಬಿಡಿ!'" ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಮ್ಮ ಜೋಕ್ ಮಾಡಿದ್ದಾಳೆ. ಮನೆಯಲ್ಲಿ ಅವಳ ಮಾತು ಅಂದರೆ ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದ್ಯಾ, ಬಾಗಿಲು ಹಾಕಿಕೊ.

ಮೇಡಂ ಕರೆದರು. ಹೇಳಿಬಿಡಬೇಕು ಅಂತ ಮೈಕ್ ಆನ್ ಮಾಡಿದೆ. ಎಲ್ಲರೂ ಕಾಯುತ್ತಿದ್ದರು. "ನಮಸ್ಕಾರ" — ಅಷ್ಟೇ ಬಂತು.

"ಅಬ್ಬಾ, ಅದೇ ದನಿ," ಅಂದರು ಗೂಬೆ.

ಅದೇ ದನಿ, ನಿಜ. ಫೋನಿನಲ್ಲಿ ಚಿಕ್ಕಮ್ಮನೇ ಅರ್ಧ ಮಾತಾಡಿದ ಮೇಲೆ, "ಅಕ್ಕನಾ ನೀನಾ?" ಅನ್ನುತ್ತಿದ್ದಳು.

ಮೇಡಂಗೆ ನಾಳೆ ಮೇಲ್ ಬರೆಯಬೇಕು.

ಜೂನ್ 4, ಬುಧವಾರ

ಬರೆಯಲಿಲ್ಲ.

ಇವತ್ತು ಇಬ್ಬಿಬ್ಬರನ್ನೇ ಆನ್‌ಲೈನಿನಲ್ಲೇ ಬೇರೆ ಬೇರೆ ಕೋಣೆಗೆ ಹಾಕಿದರು. ಹೋದ ವರ್ಷದ ಜೋಡಿಯೇ ಈ ವರ್ಷವೂ. ನಾನೂ ಗೂಬೆಯವರೂ. ಕವಿತೆಯೂ ಜೋಡಿಯದೇ. ಒಂದು ಬೇಲಿ, ಆ ಕಡೆ ಒಬ್ಬ, ಈ ಕಡೆ ಒಬ್ಬಳು. ಅವನ ಸೋರೆ ಬಳ್ಳಿ ಬೇಲಿ ಹಾರಿ ಇವಳ ಹಿತ್ತಲಲ್ಲಿ ಕಾಯಿ ಬಿಟ್ಟಿದೆ. ಜಗಳ. ಅವನು ಬಳ್ಳಿ ನನ್ನದು ಅನ್ನುತ್ತಾನೆ. ಇವಳು, ನಿನ್ನದಾದರೆ ಕೂಗಿ ಕರಿ, ಬರುತ್ತಾ ನೋಡೋಣ, ಅನ್ನುತ್ತಾಳೆ.

"ಈ ಸಾಲು ನಿಮಗೇ ಅಂತ ಬರೆದಿಟ್ಟ ಹಾಗಿದೆ," ಅಂದರು ಗೂಬೆಯವರು. ಆಮೇಲೆ, "ಯಾಕೆ, ಇವತ್ತು ನಿಮ್ಮ ಸಮುದ್ರ ಇಲ್ವಾ?"

ಯಾವ ಸಮುದ್ರ? ನೆಟ್ ಸರಿ ಇಲ್ಲ ಅಂದೆ. ಸುಳ್ಳು ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ... ನಿಜ ಮಾತ್ರ 'ನಮಸ್ಕಾರ'ದಲ್ಲೇ ನಿಂತುಬಿಡುತ್ತದೆ.

ಅವರಿಗೆ ಕೆಮ್ಮು. ಬಿಸಿನೀರು ಕುಡಿಯಿರಿ ಅಂದೆ. "ಅಪ್ಪಣೆ," ಅಂದರು.

ಜೂನ್ 5, ಗುರುವಾರ

ಲಾಂಡ್ರಿಗೆ ಹೋಗಿದ್ದೆ. ಡಿಸೆಂಬರಾದ ಮೇಲೆ ಇದೇ ಮೊದಲು. ಆ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಓಡಾಡುತ್ತಿದ್ದೆ. ಅಂಗಡಿ ನಡೆಸುವ ಅಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬಂದು ನನ್ನ ಕೆನ್ನೆ ಹಿಡಿದಳು.

"ಒಣಗಿ ಕಡ್ಡಿ ಆಗಿದೀಯಲ್ಲೇ. ಅಪ್ಪನಿಗೆ ಅಡುಗೆ ಮಾಡಿ ಹಾಕಿ ನೀನು ಗಾಳಿ ಕುಡೀತೀಯಾ?"

ಹಿಂದಿನ ಕೋಣೆ ತೋರಿಸಿದಳು. ನಾಲ್ಕು ದೊಡ್ಡ ಮೆಷಿನ್. ಎರಡು ಸಾಲು ಒದ್ದೆ ಹಾಸಿಗೆ ಬಟ್ಟೆ ನೇತಾಡುತ್ತಿತ್ತು. ಅದರ ಹಿಂದೆ ಒಂದು ಸ್ಟೂಲ್, ಸೋಪಿನ ಪುಡಿ ಡಬ್ಬ. ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಡುತ್ತಿದ್ದಳಂತೆ. ಊಟದ ಬಿಡುವಿನಲ್ಲಿ.

"ಬಾಯಲ್ಲಿ ಅದೇನೋ ಮಂತ್ರದ ಥರ ಹೇಳ್ಕೊಳ್ಳೋಳು. ಗಿರಾಕಿ ಪ್ಯಾಂಟ್ ಮಡಚ್ತಾ ಮಡಚ್ತಾ. ನಾನು, ಏನೇ ಅದು, ಮಾಟ ಗೀಟ ಮಾಡ್ತೀಯಾ ಅಂತಿದ್ದೆ. ಹೂಂ ಅಕ್ಕಾ, ಕಲೆ ಹೋಗೋಕೆ ಅಂತಿದ್ಲು."

ಎಷ್ಟೊಂದು ಜನಕ್ಕೆ ಅಮ್ಮ ಎಷ್ಟೊಂದು ಮಾತಾಡಿದ್ದಾಳೆ.

ಮೆಷಿನ್‌ಗಳು ತಿರುಗಲು ಶುರುವಾದವು. ಉಕ್ಕಿ ಬರುವುದು, ಹಿಂದೆ ಸರಿಯುವುದು, ಮತ್ತೆ ಉಕ್ಕುವುದು. ಸಮುದ್ರ.

ಜೂನ್ 6, ಶುಕ್ರವಾರ

ಲ್ಯಾಪ್‌ಟಾಪ್ ಹಿಡಿದು ಲಾಂಡ್ರಿಗೇ ಹೋದೆ. ಅದೇ ಸ್ಟೂಲ್. ಅಕ್ಕ ಒಂದು ಸಲ ಬಟ್ಟೆ ಸರಿಸಿ ಇಣುಕಿ ಹೋದಳು.

"ಆಹಾ, ಬಂತಪ್ಪಾ ಸಮುದ್ರ," ಅಂದರು ಗೂಬೆ. ಆ ಖುಷಿ ಕೇಳಿ ನನಗೂ ಖುಷಿ ಆಯಿತು. ಮಾಡುತ್ತಿರುವುದು ತಪ್ಪು ಅಂತ ಗೊತ್ತು. ಆದರೂ ಮೂರು ಗಂಟೆಗೆ ಕ್ಲಾಸ್ ಮುಗಿದಾಗ, ಅಯ್ಯೋ ಸೋಮವಾರದವರೆಗೆ ಕಾಯಬೇಕಲ್ಲ ಅನ್ನಿಸಿತು. ಅಮ್ಮ ಅಲ್ಲಿ ಮಾತ್ರ ಸಿಗುತ್ತಾಳೆ.

ಜೂನ್ 13, ಶುಕ್ರವಾರ

ಈ ವಾರ ಬರೆಯಲಾಗಲಿಲ್ಲ. ಸಾಲು ಬಾಯಿಪಾಠ ಮಾಡುವುದೇ ಕೆಲಸ. ನನಗೆ ಭಾಷೆ ಗೊತ್ತು, ಅಮ್ಮನಿಗೆ ಜಗಳ ಗೊತ್ತಿತ್ತು. ನಾನು ಓದಿದರೆ ಪರೀಕ್ಷೆಗೆ ಓದಿದ ಹಾಗಿರುತ್ತದೆ. "ಎಲ್ಲಿ ಹೋಯ್ತು ನಿಮ್ಮ ಖಾರ?" ಅನ್ನುತ್ತಾರೆ ಗೂಬೆಯವರು. ಆಮೇಲೆ ಅವರೇ ತೋರಿಸಿಕೊಡುತ್ತಾರೆ. ಹೋದ ವರ್ಷ ಇಂಥ ಕಡೆ ನೀವು ಹೀಗೆ ಎಳೀತಿದ್ರಿ, ಇಂಥ ಕಡೆ ಸೊಂಟದ ಮೇಲೆ ಕೈ ಇಟ್ಟ ಹಾಗೆ ನಿಲ್ಲಿಸ್ತಿದ್ರಿ, ಅಂತ. ಸೋರೆಕಾಯನ್ನು ಅಳಿಯನಿಗೆ ಹೋಲಿಸಿ ಏನೋ ಅಂದರು. ಜೋರಾಗಿ ನಕ್ಕೆ. ನನಗೆ ಅಮ್ಮನನ್ನು ಪರಿಚಯ ಮಾಡಿಸುತ್ತಿದ್ದಾರೆ. ಅವರಿಗೆ ಗೊತ್ತಿಲ್ಲ.

ಇವತ್ತು ದನಿ ತಗ್ಗಿಸಿ ಕೇಳಿದರು. "ಮೇಡಂ ಇಲ್ಲಿಲ್ಲ ತಾನೇ? ಒಂದೇ ಒಂದು ಮನೆ ಸುದ್ದಿ ಕೇಳ್ತೀನಿ. ಮಗಳಿಗೆ ಹೇಳಿದ್ರಾ?"

ಏನನ್ನು ಅಂದೆ.

"ಏನು ಹೀಗೆ ಮರೆತ್ರಿ? ಮಗಳು ಅಷ್ಟೊಂದು ಓದ್ತಾಳೆ, ಏನು ಓದ್ತೀಯೇ ಅಂತ ಕೇಳೋಕೆ ನಾಚಿಕೆ, ಅದಕ್ಕೆ ಬಂದೆ ಅಂದಿದ್ರಲ್ಲ. ಒಂದು ಕವಿತೆ ಎಲ್ಲೂ ಎಡವದೆ ಓದೋಕೆ ಬಂದ ದಿನ ಅವಳನ್ನ ಪಕ್ಕ ಕೂರಿಸ್ಕೊಂಡು ಓದಿ ಬೆಚ್ಚಿಬೀಳಿಸ್ತೀನಿ ಅಂದಿದ್ರಿ. ಅದಕ್ಕೇ ಎರಡನೇ ಹಂತಕ್ಕೂ ಸೇರೋಣ ಅಂದಿದ್ದು ನೀವೇ. ನಾನು ಮೇಡಂಗೆ ಆವಾಗಲೇ ಹೇಳಿಟ್ಟಿದ್ದೆ, ಗುಬ್ಬಿ ಬಂದ್ರೆ ಮಾತ್ರ ನಾನು, ಜೋಡಿ ಬದಲಿಸಬೇಡಿ ಅಂತ."

ಮೈಕ್ ಮ್ಯೂಟ್ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಮುಖ ಒತ್ತಿಕೊಂಡೆ. ಯಾರ ಮನೆಯ ಹಾಸಿಗೆ ಬಟ್ಟೆಯೋ. ಆಮೇಲೆ ಚಾಟ್‌ನಲ್ಲಿ ಟೈಪ್ ಮಾಡಿದೆ: ಇನ್ನೂ ಇಲ್ಲ.

"ಹಾಗಾದ್ರೆ ಕೊನೇ ದಿನ. ಎಲ್ಲರೂ ಓದೋ ದಿನ. ಕರ್ಕೊಂಡು ಬನ್ನಿ ಮಗಳನ್ನ. ನಾನೂ ಆ ಮಹಾತಾಯಿಯನ್ನ ನೋಡಬೇಕು."

ಜೂನ್ 17, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ತಲೆಯಿಂದ ಹೋಗುವುದೂ ಇಲ್ಲ.

ಸಂಜೆ ರೂಮಿನಲ್ಲಿ ಸಾಲು ಹೇಳಿಕೊಳ್ಳುತ್ತಿದ್ದೆ. ಸ್ವಲ್ಪ ಖಾರ ಬಂದಿತ್ತು. ಅಪ್ಪ ಡ್ಯೂಟಿ ಮುಗಿಸಿ ಬಂದದ್ದು ಗೊತ್ತಾಗಲಿಲ್ಲ. ಇಡೀ ದಿನ ಮನೆ ಮನೆ ಮೆಟ್ಟಿಲು ಹತ್ತಿ ನೀರಿನ ಮೀಟರ್ ನೋಡಿ ಬರುತ್ತಾರೆ, ಬಂದವರೇ ಸೀದಾ ಸ್ನಾನಕ್ಕೆ. ನಲ್ಲಿ ನಿಂತಿತು. ಬಚ್ಚಲಿಂದ ದನಿ, ಯಾವತ್ತಿನ ಹಾಗೆ, ಅರ್ಧ ರೇಗಿ:

"ಏನೇ, ಟವೆಲ್ ಎಲ್ಲಿಟ್ಟಿದೀಯೇ?"

ನನಗೆ ಯಾವತ್ತೂ 'ಪುಟ್ಟಿ' ಅನ್ನುವವರು. 'ಏನೇ' ಅನ್ನುತ್ತಿದ್ದದ್ದು ಅಮ್ಮನಿಗೆ.

ನಾನು ಟವೆಲ್ ತಗೊಂಡು ಹೋದೆ. ಬಾಗಿಲು ಸ್ವಲ್ಪ ತೆರೆದು ಕೈ ಚಾಚಿದರು. ಕೈ ಟವೆಲ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿತು, ಒಳಗೆ ಹೋಗಲಿಲ್ಲ. ಅವರ ಮುಖ ಕಾಣಲಿಲ್ಲ, ಪುಣ್ಯ.

ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಕ್ಲಾಸು, ಗುಬ್ಬಿ, ಲಾಂಡ್ರಿ, ಗೂಬೆಯವರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅನ್ನ ಕಲಸುತ್ತಲೇ ಇದ್ದರು, ಕಲಸುತ್ತಲೇ ಇದ್ದರು.

"ನನಗೆ ಒಂದು ಕ್ಷಣ ಆಗಿದ್ದು ಅವರಿಗೆ ಎರಡು ವಾರದಿಂದ ಆಗ್ತಾ ಇದೆ ಅನ್ನು," ಅಂದರು. "ಹೇಳಿಬಿಡು ಪುಟ್ಟಿ. ಪಾಪ."

ಜೂನ್ 18, ಬುಧವಾರ

ಹೇಳಿದೆ.

ಲಾಂಡ್ರಿಗೆ ಹೋಗಲಿಲ್ಲ. ಮನೆಯಲ್ಲೇ, ಕಿಟಕಿ ಎದುರಿಗೆ. ಜೋಡಿ ಕೋಣೆಗೆ ಬಂದ ಕೂಡಲೇ ಕ್ಯಾಮೆರಾ ಹಾಕಿದೆ. ಗೂಬೆಯವರೂ ನಗುತ್ತಾ ತಮ್ಮದು ಹಾಕಿದರು. ಕಿವಿ ಮುಚ್ಚುವ ಟೋಪಿ, ದಪ್ಪ ಕನ್ನಡಕ, ಹಿಂದೆ ಹೊಲಿಗೆ ಮೆಷಿನ್ನು, ಗೋಡೆ ತುಂಬಾ ನೂಲುಂಡೆ. ದರ್ಜಿ.

"ಓಹೋ, ಕೊನೆಗೂ ಗುಬ್ಬಿ ಗೂಡಿಂದ—" ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಯಾರಮ್ಮಾ ನೀನು?"

ಮಗಳು ಅಂದೆ.

"ಓ! ಹೇಳಿಬಿಟ್ರಾ ಅಮ್ಮ? ಎಲ್ಲಿ ಅವರು, ಹುಷಾರಿಲ್ವಾ?"

"ಅಮ್ಮ ಡಿಸೆಂಬರಲ್ಲಿ ಹೋದ್ರು."

"ಎಲ್ಲಿಗೆ?"

ತೀರಿಕೊಂಡರು ಅಂದೆ. ಆ ಪದ ನಾನು ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಊರಿಗೆಲ್ಲಾ ಅಪ್ಪನೇ ಹೇಳಿದ್ದು.

ಅವರು ಮೇಜಿನ ಮೇಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ, "ಮೊನ್ನೆ ಸೋರೆಕಾಯಿ ಮಾತಿಗೆ ನಕ್ಕಿದ್ದು?"

"ನಾನು."

"ಕೆಮ್ಮಿಗೆ ಬಿಸಿನೀರು ಕುಡೀರಿ ಅಂದಿದ್ದು?"

"ನಾನೇ."

"ಕುಡಿದೆನಲ್ಲಮ್ಮಾ. ದಿನಾ ಕುಡಿದೆ."

ಕ್ಷಮಿಸಿ ಅಂದೆ. ಕೇಳಿಸಿತೋ ಇಲ್ಲವೋ.

"ನೀನು ಯಾಕೆ ಮಾಡಿದೆ ಅಂತ ನನಗೆ ಅರ್ಥ ಆಗುತ್ತೆ," ಅಂದರು. "ನಿನಗೆ ಅಮ್ಮ ಬೇಕಿತ್ತು. ಆದ್ರೆ ಅವರು ಇಲ್ಲದೇ ಇರೋವಾಗ ನಾನು ಇಷ್ಟು ದಿನ ಖುಷಿಯಾಗಿದ್ದೆನಲ್ಲ. ಹೊಸ ಅಂಗಿ ಹೊಲ್ಕೊಂಡೆ, ಕೊನೇ ದಿನಕ್ಕೆ ಅಂತ. ಅದನ್ನೆಲ್ಲ ಈಗ ಎಲ್ಲಿ ಇಡ್ಲಿ?"

ಅವರ ಚೌಕ ಹೋಯಿತು. ಕೋಣೆಯಲ್ಲಿ ನೀವೊಬ್ಬರೇ ಇದ್ದೀರಿ ಅಂತ ಬಂತು.

ಜೂನ್ 25, ಬುಧವಾರ

ಅವತ್ತಿನಿಂದ ಗೂಬೆಯವರು ಬಂದಿಲ್ಲ.

ಮೇಡಂಗೆ ಎಲ್ಲ ಬರೆದಿದ್ದೆ. ಇವತ್ತು ಅವರೇ ಪದ್ಧತಿ ಮುರಿದು ಎಲ್ಲರಿಗೂ ಹೇಳಿದರು. ಕೊಕ್ಕರೆ ಅತ್ತಳು, ಮೈಕ್ ಆಫ್ ಮಾಡುವುದು ಮರೆತು. ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಗೂಬೆಯವರಿಗೂ ಮೇಡಂ ಮೇಲ್ ಹಾಕಿದ್ದಾರಂತೆ. ಉತ್ತರ ಇಲ್ಲ. "ಅವರ ನಿಜವಾದ ಹೆಸರು, ಫೋನು ಏನೂ ನನ್ನ ಹತ್ರ ಇಲ್ಲಮ್ಮಾ, ನಾನೇ ಮಾಡಿದ ಪದ್ಧತಿ," ಅಂದರು. ಅಮ್ಮ ಹೋದದ್ದು ಕ್ಲಾಸಿನವರಿಗೆ ಗೊತ್ತಾಗಲು ದಾರಿ ಇರಲಿಲ್ಲ. ಗೂಬೆಯವರಿಗೆ ಏನಾದರೂ ಆದರೆ ನಮಗೂ ಗೊತ್ತಾಗುವ ದಾರಿ ಇಲ್ಲ.

ಜೂನ್ 27, ಶುಕ್ರವಾರ

ಕೊನೇ ದಿನ. ಅಪ್ಪನನ್ನು ಪಕ್ಕ ಕೂರಿಸಿಕೊಂಡೆ. "ನಾನು ಬಂದು ಏನು ಮಾಡ್ಲಿ, ಮೀಟರ್ ಮೇಲಿನ ನಂಬರ್ ಬಿಟ್ರೆ ನನಗೇನು ಓದೋಕೆ ಬರುತ್ತೆ," ಅಂದವರು ರಜೆ ಹಾಕಿ, ಶೇವ್ ಮಾಡಿಕೊಂಡು, ಕ್ಲಾಸಿಗೆ ಅರ್ಧ ಗಂಟೆ ಮುಂಚೆಯೇ ಕುರ್ಚಿ ಎಳೆದುಕೊಂಡು ಕೂತಿದ್ದರು.

ಒಂದೊಂದೇ ಜೋಡಿ ಓದಿತು. ನಮ್ಮ ಸರದಿ ಬಂದಾಗ ಮೇಡಂ, ಬೇಲಿ ಆ ಕಡೆಯವನ ಸಾಲು ನಾನು ಓದಲಾ ಅಂದರು. ಬೇಡ ಅಂದೆ. ಖಾಲಿ ಬಿಡುತ್ತೇನೆ.

ಓದಿದೆ. ನನ್ನ ಸಾಲು. ಸುಮ್ಮನೆ ನಿಲ್ಲುವುದು. ನನ್ನ ಸಾಲು. ಆ ಮೌನ ತಡೆಯಲಾಗದೆ ಓದು ಬೇಗ ಬೇಗ ಆಗುತ್ತಿತ್ತು. ಹೇಗಾದರೂ ಮುಗಿದರೆ ಸಾಕು ಅಂತ. ಅರ್ಧಕ್ಕೆ ಬಂದಿದ್ದೆ, ಕೆಳಗೆ ಒಂದು ಚೌಕ ಹುಟ್ಟಿತು. ಕಪ್ಪು. ಗೂಬೆ.

ನಿಂತುಬಿಟ್ಟೆ.

"ಮೊದಲಿಂದ ಓದಮ್ಮಾ," ಅಂದರು. ದನಿ ಒಡೆದುಹೋಗಿತ್ತು. "ನಿಧಾನ. ಅವರು ಇಷ್ಟು ಅವಸರ ಮಾಡ್ತಿರಲಿಲ್ಲ."

"ಹೌದು," ಅಂದರು ಅಪ್ಪ. ಅವರಿಗೋ, ನನಗೋ ಗೊತ್ತಿಲ್ಲ. "ಯಾವುದಕ್ಕೂ ಅವಸರ ಮಾಡ್ತಿರಲಿಲ್ಲ."

ಮೊದಲಿಂದ ಶುರು ಮಾಡಿದೆ. ನನ್ನ ಸಾಲು ಆಯಿತು. ಗೂಬೆಯವರ ಮೈಕ್ ಆನ್ ಇತ್ತು, ಉಸಿರು ಕೇಳಿಸುತ್ತಿತ್ತು. ಒಂದು ಪದ ಅಂದರು. ನಿಲ್ಲಿಸಿದರು. ಕಾದೆ. ಅಪ್ಪ ನನ್ನ ತೋಳು ಹಿಡಿದುಕೊಂಡರು, ಅವರೂ ಕಾದರು. ಆಮೇಲೆ ಗೂಬೆಯವರು, ಬಳ್ಳಿ ನನ್ನದು ಅನ್ನುವ ಆ ಸಾಲನ್ನು ನಿಧಾನವಾಗಿ ಕೊನೆಯವರೆಗೆ ಓದಿದರು.