ಎಡಗಡೆಯ ನಟ್ಟಿನ ಕೆಂಪು ಗೆರೆ

ಭಾನುವಾರ, ಮಧ್ಯಾಹ್ನ ಮೂರು ಗಂಟೆ
ಗ್ಯಾರೇಜು, ಅರ್ಧ ಇಳಿಸಿದ ಶಟರಿನ ಒಳಗೆ

ಮಹಾಜನಗಳೇ! ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತವರೇ, ಹಿಂದೆ ಕಂಬಕ್ಕೆ ಆತು ನಿಂತವರೇ, ಟಿಕೆಟ್ಟಿಲ್ಲದೆ ಪರದೆ ಎತ್ತಿ ನುಸುಳಿ ಬಂದವರೇ! ಕೆಮ್ಮುವವರು ಈಗಲೇ ಕೆಮ್ಮಿಬಿಡಿ. ಅಳುವ ಕೂಸಿದ್ದರೆ ಹೊರಗೆ ಎತ್ತಿಕೊಂಡು ಹೋಗಿ. ಇಂದಿನ ನಾಟಕದಲ್ಲಿ ರಾಜನಿಲ್ಲ, ರಾಣಿಯಿಲ್ಲ, ವಿದೂಷಕನೂ ಇಲ್ಲ. ಇರುವುದು ಒಂದೇ ಪಾತ್ರ, ಅದು ಖಳನದು.

ನನ್ನ ಪ್ರೀತಿಯ ಮಗಳೇ,

ನೀನು ಹಾಸ್ಟೆಲ್ಲಿನಲ್ಲಿದ್ದಾಗ ನಾನು ಬರೆದ ಪ್ರತಿ ಪತ್ರವೂ ಹೀಗೇ ಶುರುವಾಗುತ್ತಿತ್ತು. ಗೆಳತಿಯರನ್ನೆಲ್ಲ ಮಂಚದ ಮೇಲೆ ಕೂರಿಸಿಕೊಂಡು ನನ್ನ ಧ್ವನಿಯಲ್ಲೇ ಓದುತ್ತಿದ್ದೆಯೆಂದು ನೀನೇ ಹೇಳಿದ್ದೆ. ಇಂದೂ ಕೈ ತಾನಾಗಿ ಹಾಗೇ ಬರೆಯಿತು. ಹೊಡೆದು ಹಾಕಲು ಹೋದೆ, ಆಮೇಲೆ ಬಿಟ್ಟೆ. ಈ ಪತ್ರವನ್ನು ನೀನೊಬ್ಬಳೇ ಓದಬಾರದು. ನಿಮ್ಮತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದು. ಇದಕ್ಕೆ ಸಭೆ ಬೇಕು.

ನಮ್ಮಪ್ಪ ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವನು. ನಾನು ಹುಟ್ಟಿದ್ದು ಬೆಳೆದದ್ದು ರಂಗದ ಹಿಂಬದಿಯಲ್ಲಿ. ತಗಡು ಕತ್ತರಿಸಿ ಕಿರೀಟ ಮಾಡಲು ಕಲಿತ ಕೈಯೇ ಮುಂದೆ ಕಾರಿನ ತಗಡಿಗೆ ಸುತ್ತಿಗೆ ಹಿಡಿಯಿತು. ಇದೆಲ್ಲ ನಿನಗೆ ಗೊತ್ತು. ನಮ್ಮಪ್ಪ ನನಗೆ ಹೇಳಿಕೊಟ್ಟ ಒಂದು ಮಾತು ಮಾತ್ರ ಗೊತ್ತಿಲ್ಲ: "ಲೋ, ನಾಟಕದ ಕತ್ತಿ ಹರಿತ ಇರ್ಬೇಕಾಗಿಲ್ಲ, ಹೊಳೀಬೇಕು ಅಷ್ಟೆ." ನಾಟಕಕ್ಕೆ ಅದು ಸತ್ಯ. ನಾನು ಅದನ್ನು ಗ್ಯಾರೇಜಿಗೆ ತಂದೆ.

ಹಲ್ಲಿನ ಡಾಕ್ಟರರ ಕಾರು ನಿನಗೆ ನೆನಪಿದೆ. ಅವರಪ್ಪ ಓಡಿಸುತ್ತಿದ್ದದ್ದು, ಐವತ್ತು ವರ್ಷದ ಹಿಂದಿನದು. ಕೋಳಿಗಳು ಒಳಗೆ ಮೊಟ್ಟೆ ಇಡುತ್ತಿದ್ದ ಶೆಡ್ಡಿನಿಂದ ಎಳೆದು ತಂದಾಗ ನೆಲದ ತಗಡಿನ ತೂತಿನಲ್ಲಿ ರಸ್ತೆ ಕಾಣುತ್ತಿತ್ತು. ಡಾಕ್ಟರರ ಆಸೆ ಒಂದೇ: ಹೊರಗಿನಿಂದ ನೋಡಿದರೆ ಅಪ್ಪನ ಕಾರೇ ಆಗಿರಬೇಕು, ಓಡಿಸಿದರೆ ಈ ವರ್ಷದ ಕಾರಿನಂತಿರಬೇಕು. ಹೊಸ ಎಂಜಿನ್ನು, ಡಿಸ್ಕ್ ಬ್ರೇಕು, ಬೆರಳಲ್ಲಿ ತಿರುಗುವ ಪವರ್ ಸ್ಟೇರಿಂಗು, ತಣ್ಣನೆ ಗಾಳಿ. ನಿನ್ನ ಗಂಡ, ದಿನಕ್ಕೆ ಹತ್ತು ಮಾತಾಡದ ನನ್ನ ಅಳಿಯ, ನಾನು 'ಮೌನಿ' ಎಂದು ಕರೆಯುತ್ತಿದ್ದವನು, ಆ ದಿನ ಬಾನೆಟ್ಟು ಎತ್ತಿ ನೋಡಿ ಹೇಳಿದ: "ಮಾವ, ಮೇಲೆ ಅಜ್ಜಿ, ಒಳಗೆ ಮೊಮ್ಮಗಳು. ಇಬ್ರೂ ಜಗಳ ಆಡ್ದೆ ಇದ್ರೆ ಸಾಕು." ನಾನು ಚಪ್ಪಾಳೆ ತಟ್ಟಿ ನಕ್ಕೆ. ಹತ್ತು ಮಾತಿನ ಕೋಟಾ ಅಲ್ಲಿಗೇ ಮುಗಿಯಿತೆಂದು ರೇಗಿಸಿದೆ.

ಎಂಟು ತಿಂಗಳು ಇಬ್ಬರೂ ಹೆಣಗಿದೆವು. ತುಕ್ಕು ತಿಂದದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದೆವು. ಹೊಸ ಎಂಜಿನ್ನು ಕೂರಲು ಚಾಸಿಯ ಚೌಕಟ್ಟಿನಲ್ಲಿ ಹೊಸ ತೋಳುಗಳನ್ನು ಮಾಡಿದೆವು. ಹಳೆಯ ಸ್ಟೇರಿಂಗ್ ಪೆಟ್ಟಿಗೆ ಕಿತ್ತು, ಹೊಸ ಕಾರೊಂದರ ಸ್ಟೇರಿಂಗನ್ನು ಅಡಿಯಲ್ಲಿ ಕೂರಿಸಿದೆವು. ಸ್ಟೇರಿಂಗಿನಿಂದ ಚಕ್ರಕ್ಕೆ ಒಂದು ಕಂಬಿ ಹೋಗುತ್ತದೆ. ಅದರ ತುದಿ ಚಕ್ರದ ತೋಳನ್ನು ಹಿಡಿದಿರುವುದು ಒಂದೇ ಒಂದು ನಟ್ಟಿನಿಂದ. ಬಲಕ್ಕೊಂದು, ಎಡಕ್ಕೊಂದು. ಅದು ಬಿಚ್ಚಿಕೊಂಡರೆ ಸ್ಟೇರಿಂಗು ಕೈಯಲ್ಲಿರುತ್ತದೆ, ಚಕ್ರ ತನ್ನ ದಾರಿ ನೋಡಿಕೊಳ್ಳುತ್ತದೆ.

ನಮ್ಮ ಗ್ಯಾರೇಜಿನ ಕೆಂಪು ಗೆರೆ ನಿನಗೆ ಗೊತ್ತಲ್ಲ? ಚಿಕ್ಕವಳಿದ್ದಾಗ ಆ ಬಣ್ಣದ ಡಬ್ಬಿಗೆ ಕೈ ಹಾಕಿ ಗೋಡೆಗೆಲ್ಲ ಬಳಿದು ಏಟು ತಿಂದಿದ್ದೆ. ನಟ್ಟನ್ನು ರೆಂಚಿನಲ್ಲಿ 'ಟಕ್' ಎಂದು ಸದ್ದಾಗುವ ತನಕ ಬಿಗಿ ಮಾಡಬೇಕು. ಆಮೇಲೆ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಸಣ್ಣ ಕುಂಚದಲ್ಲಿ ಒಂದು ಗೆರೆ. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ನಾನೇ ಮಾಡಿದ ಕಾನೂನು: ಗೆರೆ ಬಿದ್ದ ನಟ್ಟನ್ನು ಇನ್ನೊಬ್ಬ ಮುಟ್ಟಬಾರದು. ಮುಟ್ಟಿದರೆ ಗೆರೆ ಎಳೆದವನ ಮುಖಕ್ಕೆ ಉಗಿದಂತೆ. ಇಪ್ಪತ್ತಾರು ವರ್ಷ ಈ ಕಾನೂನು ಯಾರನ್ನೂ ಕೊಂದಿರಲಿಲ್ಲ.

ಮೊದಲ ಓಟದ ಹಿಂದಿನ ದಿನ ಮಧ್ಯಾಹ್ನ ಡಾಕ್ಟರರು ಫೋನು ಮಾಡಿದರು. ಸಂಜೆ ಗೆಳೆಯರೊಂದಿಗೆ ಬರುತ್ತಾರಂತೆ. ಅದಕ್ಕೆ ಮೊದಲು ಒಂದು ವಿಡಿಯೊ ಕಳಿಸಿ ಅಂದರು. ವಿಡಿಯೊ! ನನಗೆ ಹೇಳಬೇಕೆ? ಕಾರನ್ನು ಮೇಲೆತ್ತಿಸಿದೆ, ದೀಪ ಹಾಕಿಸಿದೆ, ಕುಂಚ ಹಿಡಿದು ಕೆಳಗೆ ನಿಂತೆ. ಮೌನಿಗೆ ಅವನ ಫೋನಿನಲ್ಲೇ ವಿಡಿಯೊ ಹಿಡಿಯಲು ಹೇಳಿ, ಒಂದೊಂದು ನಟ್ಟಿಗೂ ಒಂದೊಂದು ಡೈಲಾಗು ಹೊಡೆಯುತ್ತ ಗೆರೆ ಎಳೆದೆ. "ಇದೋ ನಿನಗೆ ಪಟ್ಟಾಭಿಷೇಕ! ಇದೋ ನಿನಗೆ ವೀರತಿಲಕ!" ಬಲಗಡೆಯದಕ್ಕೆ ಎಳೆದೆ. ಎಡಗಡೆಯದಕ್ಕೂ ಎಳೆದೆ.

ಎಡಗಡೆಯದು ಬಿಗಿಯಾಗಿರಲಿಲ್ಲ, ಮಗಳೇ.

ಚಕ್ರಗಳು ನೇರ ಸಾಲಿನಲ್ಲಿವೆಯೇ ಎಂದು ಇನ್ನೊಮ್ಮೆ ಅಳೆದು ಬಿಗಿ ಮಾಡೋಣವೆಂದು ಬೆಳಿಗ್ಗೆ ನಾನೇ ಅದನ್ನು ಬರಿಗೈಯಿಂದ ಎರಡು ಸುತ್ತು ತಿರುಗಿಸಿ ಬಿಟ್ಟಿದ್ದೆ. ಗೆರೆ ಎಳೆಯುವಾಗ ಅದು ನನಗೆ ಗೊತ್ತಿತ್ತು. ನಡುವೆ ಒಂದು ನಟ್ಟು ಬಿಟ್ಟರೆ ಸೀನು ಕೆಡುತ್ತದೆ. ಆಮೇಲೆ ಬಿಗಿ ಮಾಡಿ ಹೊಸ ಗೆರೆ ಎಳೆದರಾಯಿತು ಅಂದುಕೊಂಡೆ. ನಿನ್ನ ಗಂಡ ಕೇಳಿದ. ಕೇಳದೆ ಇರಲಿಲ್ಲ. "ಮಾವ, ಎಡಗಡೇದು ಟೈಟ್ ಆಯ್ತಾ? ಟಕ್ ಅಂದಿದ್ದು ಕೇಳಿಸ್ಲಿಲ್ಲ" ಅಂದ. ನಾನು ಕುಂಚವನ್ನು ಕತ್ತಿಯ ಹಾಗೆ ಅವನ ಎದೆಗೆ ಹಿಡಿದು, "ಎಲವೋ ಬಾಲಕ! ನನ್ನ ಗೆರೆಯನ್ನು ಪ್ರಶ್ನಿಸುವ ಎಂಟೆದೆ ನಿನಗೆಲ್ಲಿಂದ ಬಂತು?" ಎಂದು ಗರ್ಜಿಸಿದೆ. ಅವನು ನಕ್ಕ. "ಸರಿ ಸರಿ, ತಪ್ಪಾಯ್ತು ಪ್ರಭು" ಅಂದ. ಮತ್ತೆ ಕೇಳಲಿಲ್ಲ.

ಸಂಜೆ ಡಾಕ್ಟರರು ಬಂದರು, ಗೆಳೆಯರು ಬಂದರು, ಹೊಗಳಿದರು. ಡಾಕ್ಟರರು ಹಳೆಯ ಸೀಟನ್ನು ಸವರಿ ಕಣ್ಣೊರೆಸಿಕೊಂಡರು. ನಾನು ಎಲ್ಲರ ನಡುವೆ ನಿಂತು ಕೋಳಿಮೊಟ್ಟೆಯ ಕಥೆಯನ್ನು ಮೂರು ಸಲ ಹೇಳಿದೆ. ನಟ್ಟು ಮರೆತೇ ಹೋಯಿತು. ಮರುದಿನ ಬೆಳಿಗ್ಗೆ, ಹೊರಡುವ ಮುಂಚೆ, ನಾನು ಬಗ್ಗಿ ನೋಡಿದ್ದೂ ಉಂಟು. ಎಲ್ಲ ನಟ್ಟಿನ ಮೇಲೂ ಗೆರೆ ನೆಟ್ಟಗಿತ್ತು. ನಾನೇ ಬರೆದ ಸುಳ್ಳನ್ನು ನಾನೇ ಓದಿ ನಂಬಿದೆ.

ನಿನ್ನ ಗಂಡ ಓಡಿಸಿಕೊಂಡು ಹೋದ. ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ನಾನು ಸ್ಕೂಟರಿನಲ್ಲಿ ಹೋದಾಗ ಸೇತುವೆಯಾಚೆಯ ಇಳಿಜಾರಿನ ತಿರುವಿನಲ್ಲಿ ಕಾರು ಕಲ್ಲಿನ ಗೋಡೆಯೊಳಗೆ ಅರ್ಧ ಹೋಗಿತ್ತು. ಅವನ ವಿಷಯ ಬರೆಯಲಾರೆ. ಆಸ್ಪತ್ರೆಯಲ್ಲಿ ನೀನು ನೋಡಿದ್ದೀಯ.

ಅವನನ್ನು ಆಂಬುಲೆನ್ಸಿಗೆ ಏರಿಸಿದ ಮೇಲೆ ನಾನೇಕೆ ಜೊತೆಗೆ ಬರಲಿಲ್ಲವೆಂದು ನೀನು ಒಮ್ಮೆ ಕೇಳಿದ್ದೆ. ಕಾಲು ಬರಲಿಲ್ಲ ಅಂದೆ. ಕಾಲು ಚೆನ್ನಾಗಿಯೇ ನಡೆಯಿತು. ಮೊದಲು ಕಾರಿನಡಿ ಕೈ ಹಾಕಿದೆ. ಎಡಚಕ್ರದ ಕಂಬಿ ನೇತಾಡುತ್ತಿತ್ತು, ನಟ್ಟಿರಲಿಲ್ಲ. ತೋಳಿನ ಮೇಲೆ ಅರ್ಧ ಗೆರೆ ಉಳಿದಿತ್ತು. ಜೇಬಿನ ಬಟ್ಟೆಯನ್ನು ಪೆಟ್ರೋಲಿನಲ್ಲಿ ಒದ್ದೆ ಮಾಡಿ ಅದನ್ನು ಒರೆಸಿದೆ. ಆಮೇಲೆ ಬಂದ ದಾರಿಯಲ್ಲಿ ತಲೆ ತಗ್ಗಿಸಿ ವಾಪಸು ನಡೆದೆ. ಇನ್ನೂರು ಹೆಜ್ಜೆಗೆ ನಟ್ಟು ಸಿಕ್ಕಿತು, ಮೇಲೆ ಮಿಕ್ಕರ್ಧ ಗೆರೆ ಹೊತ್ತುಕೊಂಡು. ಪೊಲೀಸರು ಬಂದಾಗ ಅದು ನನ್ನ ಮುಷ್ಟಿಯಲ್ಲಿತ್ತು. ಪಕ್ಕದ ಸೈಕಲ್ ಅಂಗಡಿಯವನು, "ಗಾಳಿ ಬಂದಂಗೆ ಬಂದ ಸಾರ್, ಹೊಸ ಎಂಜಿನ್ ಅಲ್ವಾ, ಕಂಟ್ರೋಲ್ ಸಿಕ್ಕಿಲ್ಲ" ಅಂದ. ಪೊಲೀಸಿನವರು ನನ್ನನ್ನು ನೋಡಿದರು: "ಸ್ಪೀಡಾ?" ನಾನು ತಲೆಯಾಡಿಸಿದೆ. ಜೀವಮಾನವೆಲ್ಲ ಬಾಯಿಯಲ್ಲೇ ಬದುಕಿದವನು, ದೊಡ್ಡ ಸುಳ್ಳನ್ನು ಬಾಯಿ ತೆರೆಯದೆ ಹೇಳಿದೆ.

ಐದು ತಿಂಗಳಾಯಿತು. ಜನ ಅವನನ್ನು ಹುಚ್ಚು ಸ್ಪೀಡಿನವನು ಅಂದರು, ಸುಮ್ಮನಿದ್ದೆ. ಸತ್ತವನಿಗೆ ಏನು ನೋವು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಹೋದ ಭಾನುವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗು, ನಮ್ಮ ಗುಬ್ಬಿ, ನನ್ನ ತೊಡೆಯ ಮೇಲೆ ಕೂತು ಮೀಸೆ ಎಳೆಯುತ್ತಿತ್ತು. ನಿಮ್ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ನನ್ನ ಮಗ ಇರುವೆಗೂ ದಾರಿ ಬಿಟ್ಟು ಗಾಡಿ ಓಡಿಸ್ತಿದ್ದ. ಮಗೂಗೆ ಜ್ವರ, ಬೇಗ ಬಾ ಬೇಗ ಬಾ ಅಂತ ಇವ್ಳು ಫೋನಿಗೆ ವಾಯ್ಸ್ ಮೆಸೇಜ್ ಹಾಕಿದ್ಲಲ್ಲ, ಅದನ್ನ ಕೇಳ್ಕೊಂಡೇ ಓಡೋಡಿ ಬಂದ. ಇವ್ಳ ಅವಸರಾನೇ ಅವನನ್ನ ತಿಂತು."  ನೀನು ತಟ್ಟೆ ಒರೆಸುತ್ತಲೇ ಇದ್ದೆ, ಒಣಗಿದ ತಟ್ಟೆಯನ್ನೇ. ನಾನು ನೀರು ಕುಡಿದೆ.

ಮೆಟ್ಟಿಲಿಳಿಯುವಾಗ ನೀನು ನನ್ನ ತೋಳು ಹಿಡಿದು, "ಅಪ್ಪಾ, ನಾನೇ ಅಲ್ವಾ ಕೊಂದಿದ್ದು?" ಎಂದು ಕೇಳಿದೆ. ನಾನು ಏನಂದೆ? "ವಿಧಿಯ ಮುಂದೆ ನಾವೆಲ್ಲ ಬೊಂಬೆಗಳು, ಮಗಳೇ" ಅಂದೆ. ನಮ್ಮಪ್ಪ ಮೂರನೇ ಅಂಕದ ಕೊನೆಗೆ ಹೇಳುತ್ತಿದ್ದ ಮಾತು. ಜನ ಸೀಟಿ ಹೊಡೆಯುತ್ತಿದ್ದರು. ನೀನು ತಲೆಯಾಡಿಸಿ ಒಳಗೆ ಹೋದೆ. 

ಆದ್ದರಿಂದ ಗಟ್ಟಿಯಾಗಿ ಓದು, ನಿಮ್ಮತ್ತೆಗೆ ಕೇಳಿಸುವ ಹಾಗೆ: ಅವನು ಸ್ಪೀಡಿನಿಂದ ಸಾಯಲಿಲ್ಲ. ನಿನ್ನ ಅವಸರದಿಂದ ಸಾಯಲಿಲ್ಲ. ಮಾವನ ಗೆರೆಯನ್ನು ನಂಬಿ ಸತ್ತ. ನಟ್ಟು ಈಗ ನನ್ನ ಮುಂದೆ ಮೇಜಿನ ಮೇಲಿದೆ. ನಾಳೆ ಅದನ್ನು ಠಾಣೆಯಲ್ಲಿ ಒಪ್ಪಿಸುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ. ಆ ಮಾತನ್ನು ರಂಗದ ಮೇಲೆ ಎಷ್ಟು ಸಲ ಕೇಳಿದ್ದೇನೆಂದರೆ, ನನ್ನ ಬಾಯಲ್ಲಿ ಅದಕ್ಕೂ ಬಣ್ಣ ಹತ್ತಿರುತ್ತದೆ. ಇದ್ದದ್ದೆಲ್ಲ ಹೇಳಿದ್ದೇನೆ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಇದ್ದದ್ದೆಲ್ಲ ಹೇಳಿದ್ದೇನೆ ಎಂದು ಬರೆದೆ. ಸುಳ್ಳು. ಇನ್ನೊಂದಿದೆ.

ಅವನ ಫೋನು ಕಾರಿನಲ್ಲಿ ಪುಡಿಯಾಯಿತು ಎಂದು ನಿಮಗೆಲ್ಲ ಹೇಳಿದ್ದೆ. ಆಗಿಲ್ಲ. ಕಾರು ಗೇಟು ದಾಟುವುದನ್ನು ವಿಡಿಯೊದಲ್ಲಿ ಹಿಡಿಯಲು ಅವನ ಫೋನನ್ನೇ ನಾನು ಇಸಿದುಕೊಂಡಿದ್ದೆ. ಕಾರು ತಿರುವಿನಲ್ಲಿ ಮರೆಯಾಗುವಾಗ ಅದು ನನ್ನ ಅಂಗೈಯಲ್ಲಿ ಗುರ್ರೆಂದಿತು. ನಿನ್ನ ಹೆಸರು ಬಂತು. ವಾಪಸು ಬಂದು ಕೇಳಿಸಿಕೊಳ್ಳುತ್ತಾನೆ ಬಿಡು ಎಂದು ಜೇಬಿಗೆ ಹಾಕಿದೆ. ನಿನ್ನ ಆ ಮೆಸೇಜನ್ನು ಅವನು ಕೇಳಲೇ ಇಲ್ಲ, ಮಗಳೇ. ಯಾರೂ ಕೇಳಿಲ್ಲ. ಇನ್ನೂ ಹಾಗೇ ಇದೆ. ಇದೊಂದನ್ನು ಹೇಳಿದ್ದರೆ ಐದು ತಿಂಗಳ ಹಿಂದೆಯೇ ನೀನು ಬಿಡುಗಡೆಯಾಗುತ್ತಿದ್ದೆ. ಆದರೆ ಅದೇ ಫೋನಿನಲ್ಲಿ ನಾನು ಕುಂಚ ಹಿಡಿದು ಕುಣಿಯುವುದೂ ಇದೆ, ಅವನು "ಟಕ್ ಅಂದಿದ್ದು ಕೇಳಿಸ್ಲಿಲ್ಲ" ಎಂದು ಕೇಳುವುದೂ ಇದೆ. ಅದಕ್ಕೇ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

ಚಾರ್ಜು ಹಾಕಿದ್ದೇನೆ. ಪೊಲೀಸರು ಕೇಳಿದರೆ ಆಮೇಲೆ ಕೊಡುವೆಯಂತೆ, ಮೊದಲು ನಿನಗೆ. ಅದರಲ್ಲಿ ಅವನ ಧ್ವನಿಯಿದೆ, ನಗುವೂ ಇದೆ. ಅಂಚೆಯನ್ನು ನಂಬಲಾರೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಈ ಪತ್ರವನ್ನೂ ಫೋನನ್ನೂ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಕೆಳಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಿಮ್ಮತ್ತೆ ಇಳಿದು ಬಂದು ಏನಂದರೂ ಬಾಯಿ ತೆರೆಯುವುದಿಲ್ಲ. ಆಮೇಲೆ ಎದ್ದು, ನಟ್ಟನ್ನು ಜೇಬಿನಲ್ಲಿಟ್ಟುಕೊಂಡು, ಠಾಣೆಯವರೆಗೆ ನಡೆದೇ ಹೋಗುತ್ತೇನೆ.