ಚೆಂಡು ನೋಡಬಾರದ ಕೆಲಸ

ಶನಿವಾರ, ಅಕ್ಟೋಬರ್ 26. ಬೆಳಿಗ್ಗೆ 7

ಬಿಳಿ ಟೋಪಿ ಒಗೆದು ಹಾಕಿದೆ. ಬೆವರಿನ ಕಲೆ ಹೋಗಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಐವರು ರೆಫರಿಗಳಲ್ಲಿ ಹೆಡ್ ಆದ ನನಗೆ ಮಾತ್ರ ಬಿಳಿ, ಮಿಕ್ಕವರಿಗೆ ಕಪ್ಪು. ಬೈಯಬೇಕಾದವನು ದೂರದಿಂದಲೇ ಕಾಣಲಿ ಅಂತಿರಬೇಕು.

ನಿನ್ನೆ ಹೊಟ್ಟೆತುಂಬ ಬೈಸಿಕೊಂಡೆ. ಮೂರನೇ ಕ್ವಾರ್ಟರ್. ನಮ್ಮೂರ ಹೈಸ್ಕೂಲಿನ ಕೋಲ್ಟನ್ ವಾಸೆಕ್ ಚೆಂಡು ಎಸೆಯಲು ನಿಂತಿದ್ದ. ಎದುರು ಟೀಮಿನ 91ನೇ ನಂಬರಿನ ಹುಡುಗ ಅವನ ಮೊಣಕಾಲಿಗೇ ಬಂದು ಬಿದ್ದ. ಕೋಲ್ಟನ್ ಏಳಲಿಲ್ಲ. ನಾನು ಫೌಲಿನ ಹಳದಿ ಫ್ಲ್ಯಾಗ್ ಎಸೆಯಲಿಲ್ಲ. ಊರಿಗೆ ಊರೇ ಎದ್ದು ಕೂಗಿತು.

ರೂಲು ಇಷ್ಟೇ. ಎಸೆಯುವವನ ಮೊಣಕಾಲಿಗೆ ತಡೆಯಿಲ್ಲದೆ ನುಗ್ಗಿ ಬಡಿದರೆ ಹದಿನೈದು ಗಜ ದಂಡ. ಎಸೆಯುವವನ ಟೀಮಿನವನೇ ಎದುರಾಳಿಯನ್ನು ಅವನ ಮೇಲೆ ತಳ್ಳಿ ಬೀಳಿಸಿದ್ದರೆ ದಂಡವಿಲ್ಲ.

ತಳ್ಳಿದ್ದನ್ನು ನೋಡಿದೆ. ಎರಡೂ ಕೈಯಲ್ಲಿ, 91ರ ಭುಜಕ್ಕೆ. 64 — ವೆಸ್ಲಿ ವಾಸೆಕ್. ಕೋಲ್ಟನ್‌ನ ಸ್ವಂತ ತಮ್ಮ, ಅವನನ್ನು ಕಾಯಲು ಅಡ್ಡ ನಿಂತವನು.

ಸೋಮವಾರ, 28

ನಮ್ಮೂರ ಟೀಮಿನ ಕೋಚ್ ಹಾಲ್ಬರ್ಟ್ ಫೋನ್. ಮ್ಯಾಚಿನ ವಿಡಿಯೋ ನೋಡಿದನಂತೆ, ಏನೂ ಕಾಣಲ್ಲ. ಪಕ್ಕದ ಕ್ಯಾಮೆರಾದಲ್ಲಿ ಬರೀ ರಾಶಿ ಬಿದ್ದ ಹುಡುಗರು. ಹಿಂದಿನದರ ಕಂಬ ಗಾಳಿಗೆ ಬಾಗಿ ಬರೀ ಆಕಾಶವಂತೆ.

"ಯಾಕ್ರೀ ಫ್ಲ್ಯಾಗ್ ಹಾಕ್ಲಿಲ್ಲ? ಕಾರಣ ಹೇಳಿ, ಸುಮ್ನಾಗ್ತೀನಿ. ಇಲ್ಲಾಂದ್ರೆ ಪ್ಲೇಆಫ್‌ಗೆ ರೆಫರಿ ಪಟ್ಟೀಲಿ ನಿಮ್ಮ ಹೆಸರು ಹೊಡೆದು ಹಾಕ್ತೀನಿ."

ಹಾಕಬಲ್ಲ. ಟೆಕ್ಸಾಸಿನಲ್ಲಿ ಈ ರೆಫರಿ ಬೇಡ ಅಂತ ಕೋಚ್ ಅಂದರೆ ಬೇಡ. ಇಪ್ಪತ್ತೆರಡು ವರ್ಷಕ್ಕೆ ಈ ಸಲ ಸ್ಟೇಟ್ ಫೈನಲ್ ಸಿಗುವುದರಲ್ಲಿತ್ತು... ನಾಳಿದ್ದು ಹೇಳ್ತೀನಿ ಅಂದೆ.

91ರ ಕೋಚ್‌ಗೆ ಮಾತ್ರ ಫೋನ್ ಮಾಡಿದೆ. ನಿಮ್ಮ ಹುಡುಗನ ತಪ್ಪೇನೂ ಇಲ್ಲ, ಅಷ್ಟೇ.

ಬುಧವಾರ, 30. ಸಂಜೆ 5

ವೆಸ್ಲಿ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದ. ಅಣ್ಣನಿಗೆ ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಕಂಬಿ ಬೇಕಂತೆ. ಕೊಟ್ಟೆ. ಹೋಗಲಿಲ್ಲ.

"ಸರ್, ನೀವು ಹಿಂದೇನೇ ಇದ್ರಲ್ಲ. 91ನ ನಾನೇ ತಳ್ಳಿದ್ನಾ? ನಾನು ಕಣ್ಣು ಮುಚ್ಕೊಂಡಿದ್ದೆ."

"ನೋಡ್ಲಿಲ್ಲಪ್ಪ. ಚೆಂಡು ನೋಡ್ತಿದ್ದೆ."

"ನಿಜವಾಗ್ಲೂ?"

"ಹ್ಞೂಂ. ನನ್ನದೇ ತಪ್ಪು."

ಮುಖ ಸಡಿಲವಾಯಿತು. ಬೆನ್ನಿಗೇ ಸಿಟ್ಟೂ ಬಂತು. "ಎಸೆಯೋನನ್ನ ಕಾಯೋಕಲ್ವಾ ಸರ್ ನಿಮ್ಮನ್ನ ಅಲ್ಲಿ ನಿಲ್ಸೋದು?"

ಹೌದು ಅಂದೆ. ಟೈಲ್ಸ್‌ಗೆ ಬೇರೆ ಸ್ಕ್ರೂ ಬೇಕು, ತಗೊಂಡು ಹೋಗು ಅಂದೆ.

ಹೊಸಬರಿಗೆಲ್ಲ ನಾನು ಕಲಿಸುವ ಮೊದಲ ಪಾಠ — ಚೆಂಡು ಕೈ ಬಿಟ್ಟಮೇಲೂ ಎಸೆದವನ ಮೇಲೇ ಕಣ್ಣಿಡು. ಚೆಂಡು ನೋಡಿದೆ ಅಂತ ನನ್ನ ಬಾಯಲ್ಲೇ ಬಂತು. ನಾಚಿಕೆಯಾಯಿತು, ಸುಳ್ಳಾದರೂ.

ಶುಕ್ರವಾರ, ನವೆಂಬರ್ 1

ಕೋಚ್ ಹಾಲ್ಬರ್ಟ್‌ಗೂ ಚೆಂಡು ನೋಡ್ತಿದ್ದೆ ಅಂತಲೇ ಹೇಳಿದ್ದೆ. ಹೆಸರು ಹೊಡೆದರು. ಚೇಮಾ ಬಂದಿದ್ದ, ಹದಿನೈದು ವರ್ಷದಿಂದ ನಮ್ಮ ಐವರಲ್ಲೊಬ್ಬ, ಅಂಪೈರ್.

"ಚೆಂಡು ನೋಡ್ತಿದ್ದೆ ಅಂದ್ಯಂತೆ? ನೀನು? ಮ್ಯಾಚ್ ಮುಗಿದ್ಮೇಲೆ ಗೆದ್ದೋರು ಯಾರೋ ಅಂತ ನನ್ನನ್ನೇ ಕೇಳೋ ಆಸಾಮಿ! ತಲೆ ಕೆಟ್ಟಿದ್ಯಾ ಡೆಲ್ಮರ್?"

ಟೋಪಿ ಅವನ ಕೈಗಿಟ್ಟೆ. ಅವನ ತಲೆಗೆ ಬಿಗಿ.

ಶುಕ್ರವಾರ, 15. ಗ್ಯಾಲರಿಯಲ್ಲಿ

ನಮ್ಮೂರ ಟೀಮಿನ ಮೊದಲ ಪ್ಲೇಆಫ್. ಟಿಕೆಟ್ ಕೊಂಡು ಬೇಲಿ ಪಕ್ಕದ ಮೊದಲ ಸಾಲಿನಲ್ಲಿ ಕೂತಿದ್ದೇನೆ. ಚೇಮಾ ಒಳಗೆ, ಬಿಳಿ ಟೋಪಿಯಲ್ಲಿ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ.

ಕೋಲ್ಟನ್ ಜಾಗದಲ್ಲಿ ಹೊಸ ಹುಡುಗ ಎಸೆಯುತ್ತಿದ್ದಾನೆ. ಎಸೆದಾಗಲೆಲ್ಲ 64 ಹಿಂತಿರುಗಿ ನೋಡ್ತಾನೆ, ಇವನಾದರೂ ನಿಂತಿದ್ದಾನಾ ಅಂತ.

ಈಗ ಉದ್ದದ ಎಸೆತ. ಇಡೀ ಗ್ಯಾಲರಿಯ ಕತ್ತು ಚೆಂಡಿನ ಹಿಂದೆ ಆ ತುದಿಗೆ ತಿರುಗಿತು. ನನ್ನ ಕಣ್ಣು ಮಾತ್ರ ಎಸೆದವನ ಮೊಣಕಾಲಿನ ಮೇಲೆ. ಹಾಳು ಅಭ್ಯಾಸ. ವೆಸ್ಲಿ ಹಿಂತಿರುಗಿದ, ಬೇಲಿ ಕಡೆ ನೋಡಿದ, ನನ್ನನ್ನು ಕಂಡ. ಅಷ್ಟು ಜನರಲ್ಲಿ ಚೆಂಡು ನೋಡದವನು ನಾನೊಬ್ಬನೇ. ಹೆಲ್ಮೆಟ್ ತೆಗೆದ. ಇನ್ನೂ ನೋಡ್ತಾ ಇದ್ದಾನೆ. ಅಯ್ಯೋ, ಹುಡುಗನಿಗೆ ಗೊತ್ತಾಗಿಹೋ—